ಲಾಠಿ ಎತ್ತುವ ಮೊದಲು ‘ಊಟ ಆಯ್ತಾ?’ ಅಂತ ಕೇಳಿ

ರಾಮನಗರ, ಮಂಡ್ಯ ಕಡೆಯಿಂದ ಬಸ್ಸಿನಲ್ಲಿ ಬರುವ ನಮಗೆ ನಾಯಂಡಹಳ್ಳಿ ಬಂತು ಅಂದರೆ ಬೆಂಗಳೂರು ಬಂತು ಅಂತಲೇ ಲೆಕ್ಕ. ಮೈಸೂರು ರಸ್ತೆಗೆ ಹೊರವರ್ತುಲ ರಸ್ತೆ ಸೇರುವ ಜಾಗ. ತಲೆ ಮೇಲೆ ಮೆಟ್ರೋ, ಪಕ್ಕದಲ್ಲಿ ವೃಷಭಾವತಿಯ ನಾತ, ನಾಲ್ಕೂ ಕಡೆ ಹಾರ್ನ್. ಊರು ಬಿಟ್ಟು ಬಂದವರು ದಿಕ್ಕು ತಪ್ಪುವುದೂ ಇಂಥ ಕಡೆಯೇ.

ಅಲ್ಲಿ ಒಂದು ಸಂಜೆ ನಾವು ಕಂಡದ್ದನ್ನು ಹೇಳುತ್ತೇವೆ. ನಲವತ್ತರ ಆಸುಪಾಸಿನ ಒಬ್ಬ ಮನುಷ್ಯ, ಕಾಲಲ್ಲಿ ಚಪ್ಪಲಿ ಇಲ್ಲ, ರಸ್ತೆ ನಡುವೆ ನಿಂತು ಯಾರನ್ನೋ ಕೂಗುತ್ತಿದ್ದ. ಜನ ಸುತ್ತ ನಿಂತು ವಿಡಿಯೋ ಮಾಡುತ್ತಿದ್ದರು. ಪೊಲೀಸರು ಬಂದರು. ಚಿಕ್ಕ ವಯಸ್ಸಿನ ಪೇದೆ, ‘ಏಯ್, ಬಾರೋ ಈಚೆ’ ಎಂದು ಲಾಠಿ ಎತ್ತಿದ. ಆ ಮನುಷ್ಯ ಬೆದರಿ ಓಡುವ ಲಾರಿಗಳ ಕಡೆಗೇ ಹಿಂದೆ ಸರಿದ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮರುದಿನ ನಮ್ಮ ಪೇಪರಿನಲ್ಲಿ ‘ಅಪರಿಚಿತ ವ್ಯಕ್ತಿ ಸಾವು’ ಎಂದು ನಾಲ್ಕು ಸಾಲು ಬರುತ್ತಿತ್ತು.

ಆಗ ಜೊತೆಗಿದ್ದ ಹಿರಿಯ ಹೆಡ್ ಕಾನ್‌ಸ್ಟೇಬಲ್ ಪೇದೆಯ ಕೈ ತಗ್ಗಿಸಿದರು. ಗಾಡಿಗಳನ್ನು ನಿಲ್ಲಿಸಿದರು. ವಿಡಿಯೋ ಮಾಡುವವರನ್ನು ಚದುರಿಸಿದರು. ದೂರದಲ್ಲೇ ನಿಂತು, ‘ಅಣ್ಣ, ಊಟ ಆಯ್ತಾ? ಯಾವೂರು ನಿಮ್ದು?’ ಅಂದರು. ಮೂರು ಸಲ ಕೇಳಿದರು. ನಾಲ್ಕನೇ ಸಲಕ್ಕೆ ಆತ ಊರಿನ ಹೆಸರು ಹೇಳಿದ. ಆಮೇಲೆ ಅಂಗಿ ಜೇಬಿನಿಂದ ಅಕ್ಕನ ಫೋನ್ ನಂಬರ್ ಇದ್ದ ಚೀಟಿ ತೆಗೆದ. ಎಲ್ಲ ಸೇರಿ ಹದಿನೈದು ನಿಮಿಷ.

ಈ ಹದಿನೈದು ನಿಮಿಷ ಒಬ್ಬ ಒಳ್ಳೆಯ ಪೊಲೀಸಿನ ದೊಡ್ಡ ಮನಸ್ಸಿನ ಮೇಲೆ ಯಾಕೆ ನಿಲ್ಲಬೇಕು? ಇದೇ ನಮ್ಮ ತಕರಾರು. ಅವತ್ತು ಆ ಹಿರಿಯರು ರಜೆಯಲ್ಲಿದ್ದಿದ್ದರೆ?

ಓದುಗರೇ, ಇದು ದಯೆ ದಾಕ್ಷಿಣ್ಯದ ಮಾತಲ್ಲ, ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಪೊಲೀಸರಿಗೆ ನೇರ ಕರ್ತವ್ಯ ಹಾಕಿದೆ. ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರು ಕಂಡರೆ ಠಾಣೆಯವರು ರಕ್ಷಣೆಗೆ ತೆಗೆದುಕೊಳ್ಳಬೇಕು. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯಬೇಕು. ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಮನೆಯಿಲ್ಲದೆ ಅಲೆಯುವವರಾದರೆ ಕಾಣೆಯಾದವರ ಎಫ್‌ಐಆರ್ ಮಾಡಿ ಮನೆಯವರನ್ನು ಹುಡುಕಬೇಕು. ಇದನ್ನೆಲ್ಲ ಪೊಲೀಸರಿಗೆ ಆಗಾಗ ತರಬೇತಿ ಕೊಟ್ಟು ತಿಳಿಸಬೇಕು ಎಂದು ಸರ್ಕಾರಕ್ಕೂ ಅದೇ ಕಾಯ್ದೆಯ 30ನೇ ಕಲಂ ಹೇಳಿದೆ.

ಜೀವ ಕಳೆದುಕೊಳ್ಳಲು ಹೋಗಿ ಉಳಿದವರ ವಿಚಾರಕ್ಕೆ ಬನ್ನಿ. ಅವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರ ಆರೈಕೆ ಕೊಡಬೇಕು ಎನ್ನುತ್ತದೆ 115ನೇ ಕಲಂ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಂ ಇಲ್ಲವೇ ಇಲ್ಲ. ಆದರೆ 226ನೇ ಕಲಂ ಎಂಬ ಹೊಸ ಕೊಕ್ಕೆ ಇದೆ. ಸರ್ಕಾರಿ ನೌಕರನ ಕೆಲಸಕ್ಕೆ ಒತ್ತಡ ಹಾಕಲು ಅಥವಾ ತಡೆಯಲು ಆತ್ಮಹತ್ಯೆಗೆ ಯತ್ನಿಸಿದರೆ 1 ವರ್ಷದವರೆಗೆ ಶಿಕ್ಷೆಯಾಗಬಹುದು. ಪಹಣಿ ತಿದ್ದಿಸಲು ಅಲೆದಲೆದು ಸೋತು ತಾಲ್ಲೂಕು ಕಚೇರಿ ಮುಂದೆ ‘ಇನ್ನು ಬದುಕಲ್ಲ’ ಎಂದು ಕುಸಿದ ರೈತ ಪೊಲೀಸಿನ ಕಣ್ಣಿಗೆ ಆರೋಪಿಯೋ, ಕಷ್ಟದಲ್ಲಿರುವ ಮನುಷ್ಯನೋ? ಇದು ನಮ್ಮೂರಿನ ಪ್ರಶ್ನೆ.

‘ಪೊಲೀಸರೇನು ಡಾಕ್ಟರಾ?’ ಎಂದು ಕೇಳುವವರಿದ್ದಾರೆ. ಡಾಕ್ಟರಾಗಬೇಕಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸಿ ನೋಡಿಕೊಳ್ಳುವುದನ್ನು ಕಲಿಸಿದರು. 1996ರಲ್ಲಿ ಆ ಬಳ್ಳಾರಿ ಮಾದರಿಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತರು ಕಲಿತದ್ದನ್ನು ಪೇದೆ ಕಲಿಯಲಾರನೇ? ಅಮೆರಿಕದ ಮೆಂಫಿಸ್ ನಗರದಲ್ಲಿ 1987ರಲ್ಲಿ ಮಾನಸಿಕ ಕಾಯಿಲೆಯ ಯುವಕನೊಬ್ಬ ಪೊಲೀಸರ ಗುಂಡಿಗೆ ಸತ್ತ. ಮರುವರ್ಷವೇ ಅಲ್ಲಿನ ಪೊಲೀಸರು ರೋಗಿಗಳ ಮನೆಯವರನ್ನೂ ವಿಶ್ವವಿದ್ಯಾಲಯದವರನ್ನೂ ಸೇರಿಸಿಕೊಂಡು ಇದಕ್ಕೇ ಒಂದು ತಂಡ ಕಟ್ಟಿದರು. ಆ ತರಬೇತಿ 40 ಗಂಟೆಯದು, ಅಂದರೆ ಒಂದು ವಾರದ ಕೆಲಸ.

‘ಕೈಯಲ್ಲಿ ಮಚ್ಚಿದ್ದರೆ?’ ಎನ್ನುತ್ತಾರೆ. ನ್ಯಾಯವಾದ ಮಾತು. ಮಚ್ಚಿಗೆ ಕತ್ತು ಕೊಡಿ ಎಂದು ಯಾರೂ ಹೇಳುತ್ತಿಲ್ಲ. ದೂರ ಇರಿ, ಸೈರನ್ ನಿಲ್ಲಿಸಿ, ಹತ್ತು ಜನ ಕೂಗುವ ಬದಲು ಒಬ್ಬರೇ ಮಾತಾಡಿ, ಅವಸರ ಬೇಡ. ಇದರಿಂದ ಪೊಲೀಸಿನ ಜೀವವೂ ಉಳಿಯುತ್ತದೆ.

ಪೊಲೀಸರ ಕಷ್ಟವೂ ನಮಗೆ ಗೊತ್ತು. ಎಷ್ಟೋ ಜನ ನಮ್ಮೂರ ರೈತರ ಮಕ್ಕಳೇ. ವಾರದ ರಜೆ ಸಿಕ್ಕರೆ ಸಿಕ್ಕಿತು. ದಿನವಿಡೀ ಮೇಲಿನವರಿಂದ ಏಕವಚನ ಕೇಳಿಸಿಕೊಂಡವನ ಬಾಯಲ್ಲಿ ಬಹುವಚನ ಎಲ್ಲಿಂದ ಬರಬೇಕು? ಅದಕ್ಕೇ ಹೇಳುತ್ತಿದ್ದೇವೆ, ಪೇದೆಯನ್ನು ಬೈದು ಕೈ ತೊಳೆದುಕೊಳ್ಳುವುದು ಬೇಡ. ತರಬೇತಿ ಕೊಡಬೇಕಾದವರನ್ನು ಕೇಳೋಣ. ಇದೇ ಮೈಸೂರು ರಸ್ತೆಯ ಮೇಲೆ ಚನ್ನಪಟ್ಟಣದಲ್ಲಿ ಪೊಲೀಸ್ ತರಬೇತಿ ಶಾಲೆ ಇದೆ. ನಾಯಂಡಹಳ್ಳಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ನಿಮ್ಹಾನ್ಸ್ ಇದೆ. ಕಲಿಸುವವರೂ ಹತ್ತಿರ, ಕಲಿಯುವವರೂ ಹತ್ತಿರ. ಪ್ರತಿ ಠಾಣೆಯಲ್ಲಿ, ಪ್ರತಿ ಪಾಳಿಯಲ್ಲಿ ಇದನ್ನು ಕಲಿತ ಒಬ್ಬರಾದರೂ ಇರಲಿ. 100ನೇ ಕಲಮನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಠಾಣೆಯ ಗೋಡೆಗೆ ಹಾಕಲಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ‘ಹುಚ್ಚನ ರಂಪಾಟ’ ಎಂದು ಹೆಡ್‌ಲೈನ್ ಕೊಟ್ಟು ಕಳಿಸಿದವರು ನಮ್ಮಂಥ ಸ್ಟ್ರಿಂಗರುಗಳೇ. ಪೇದೆ ಆ ಪದ ಕಲಿತದ್ದು ನಮ್ಮಿಂದಲೂ ಇರಬಹುದು. ಇನ್ನು ಬರೆಯುವುದಿಲ್ಲ.

ನೀವೂ ಒಂದು ಕೆಲಸ ಮಾಡಿ. ಇಂಥವರು ಕಂಡರೆ ವಿಡಿಯೋ ಮಾಡಬೇಡಿ. 112ಕ್ಕೆ ಕರೆ ಮಾಡಿ, ‘ಗಲಾಟೆ’ ಅನ್ನಬೇಡಿ, ‘ಹುಷಾರಿಲ್ಲದವರು, ಸಹಾಯ ಬೇಕು’ ಅನ್ನಿ. ಬರುವ ಪೊಲೀಸ್ ಯಾವ ಮನಸ್ಸಿನಲ್ಲಿ ಗಾಡಿ ಇಳಿಯುತ್ತಾನೆ ಎನ್ನುವುದು ಆ ಒಂದು ಮಾತಿನ ಮೇಲೂ ಇರುತ್ತದೆ. ನಿಮಗೋ ಮನೆಯವರಿಗೋ ಬದುಕು ಸಾಕು ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

ಅವತ್ತು ನಾಯಂಡಹಳ್ಳಿಯಲ್ಲಿ ಅಕ್ಕನ ನಂಬರು ಜೇಬಿನಲ್ಲೇ ಇತ್ತು. ಅದನ್ನು ಹೊರಗೆ ತೆಗೆಸಿದ್ದು ಲಾಠಿ ಅಲ್ಲ, ‘ಊಟ ಆಯ್ತಾ?’ ಎಂಬ ಮಾತು.