ಜಾತ್ರೆಯ ಪಟ್ಟಿ, ಊರಿನ ಲೆಕ್ಕ

ಸಂಕ್ರಾಂತಿ ಕಳೆದರೆ ಬಸವ ಜಯಂತಿಯವರೆಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒಂದಲ್ಲ ಒಂದು ಜಾತ್ರೆ. ಮೊದಲೆಲ್ಲ ಹಿರಿಯರು ಮನೆಮನೆಗೆ ಬಂದು ಪಟ್ಟಿ ಎತ್ತುತ್ತಿದ್ದರು. ಈಗ ಪುಣೆಯಲ್ಲಿ ಕೂತ ನನ್ನಂಥವರ ವಾಟ್ಸ್‌ಆ್ಯಪ್‌ಗೆ ಕ್ಯುಆರ್ ಕೋಡ್ ಬರುತ್ತದೆ. ಹಾವೇರಿ ಜಿಲ್ಲೆಯ ನಮ್ಮೂರಿನವರು ಈ ಸಲ ಅದರ ಜೊತೆ ಒಂದು ಸಾಲು ಬರೆದಿದ್ದರು: ಉಳಿದ ಹಣದಲ್ಲಿ ಶಾಲೆಗೆ ಒಂದು ಕೋಣೆ. ಹಿಂದಿನ ಸಲ ಕುಡಿಯುವ ನೀರಿನ ಘಟಕವಾಗಿತ್ತು.

ಇದು ಹೊಸ ಪದ್ಧತಿಯಲ್ಲ. ದೇವಿಗೆ ಬಂದ ಸೀರೆ, ತೆಂಗಿನಕಾಯಿ ಸವಾಲಿಗೆ ಬೀಳುತ್ತವೆ. ಮೂವತ್ತು ರೂಪಾಯಿಯ ಕಾಯಿ ಸಾವಿರಾರು ರೂಪಾಯಿಗೆ ಹೋಗುತ್ತದೆ. ಕೂಗಿದವನಿಗೆ ಮಾನ, ಊರಿಗೆ ಹಣ. ಇಷ್ಟು ಖುಷಿಯಿಂದ ಜನ ಯಾವ ತೆರಿಗೆಯನ್ನೂ ಕಟ್ಟುವುದಿಲ್ಲ. ಎಷ್ಟೋ ಊರುಗಳ ಸಮುದಾಯ ಭವನ, ಶಾಲೆಯ ಕಾಂಪೌಂಡ್ ಎದ್ದು ನಿಂತದ್ದು ಹೀಗೆಯೇ.

ಆದರೆ ಮೂರು ಪ್ರಶ್ನೆಗಳಿವೆ.

ಮೊದಲನೆಯದು, ಇದು ಯಾರ ಕೆಲಸ? ಹದಿನೈದನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಪಂಚಾಯಿತಿ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಹಾಕಿತ್ತು. ಆ ಹಣ ಎಲ್ಲಿ ಹೋಯಿತೆಂದು ಕೇಳದೆ ನಾವು ದೇವಿಯ ಹೆಸರಲ್ಲಿ ನೀರಿನ ಘಟಕ ಕಟ್ಟಿಸಿದರೆ, ಪಂಚಾಯಿತಿ ಕೈತೊಳೆದುಕೊಳ್ಳುತ್ತದೆ.

ಎರಡನೆಯದು, ನಿರ್ವಹಣೆ. ತಂತ್ರಾಂಶ ಬರೆಯುವುದು ಸುಲಭ, ವರ್ಷಗಟ್ಟಲೆ ನಿಭಾಯಿಸುವುದೇ ದುಬಾರಿ ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ನೀರಿನ ಘಟಕವೂ ಹಾಗೆಯೇ. ಫಿಲ್ಟರ್, ಮೆಂಬ್ರೇನ್ ಬದಲಿಸಬೇಕು, ಕರೆಂಟ್ ಬಿಲ್ ಕಟ್ಟಬೇಕು. ಉದ್ಘಾಟನೆಯ ಕಲ್ಲಿಗೆ ದಾನಿಗಳು ಸಿಗುತ್ತಾರೆ. ಮೆಂಬ್ರೇನಿಗೆ ಯಾರ ಹೆಸರನ್ನೂ ಕೆತ್ತಿಸುವಂತಿಲ್ಲ. ನಮ್ಮೂರಿನ ಘಟಕಕ್ಕೆ ಈಗ ಬೀಗ ಬಿದ್ದಿದೆ.

ಮೂರನೆಯದು, ತೀರ್ಮಾನ ಯಾರದು? ಮನೆಗಿಷ್ಟು ಎಂದು ಪಟ್ಟಿ ಹಾಕಿದರೆ ಟ್ರ್ಯಾಕ್ಟರ್ ಇರುವವನಿಗೂ ಕೂಲಿ ಮಾಡುವವಳಿಗೂ ಒಂದೇ ಮೊತ್ತ. ಕಟ್ಟಡ ಏಳುವುದು ಮಾತ್ರ ಬಹುತೇಕ ಗುಡಿಯ ಸುತ್ತ. ಊರ ಹೊರಗಿನ ಕೇರಿಯವರು ಪಟ್ಟಿ ಕೊಟ್ಟೂ ನಳಕ್ಕೆ ದೂರವೇ ಉಳಿಯುತ್ತಾರೆ. ಜಾತ್ರಾ ಕಮಿಟಿಯನ್ನು ಯಾರೂ ಮತ ಹಾಕಿ ಆರಿಸಿರುವುದಿಲ್ಲ.

ನಾನಿರುವ ಪುಣೆಯಲ್ಲೂ, ತಿಲಕರು 1893ರಿಂದ ಬೆಳೆಸಿದ ಸಾರ್ವಜನಿಕ ಗಣೇಶೋತ್ಸವಕ್ಕೆ ಗಲ್ಲಿಗಲ್ಲಿಯಲ್ಲಿ ವರ್ಗಣಿ ಎತ್ತುತ್ತಾರೆ. ಆದರೆ ಇಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಇದೆ. ನೋಂದಣಿಯಿಲ್ಲದ ಮಂಡಳಿ ಹಣ ಎತ್ತುವುದಾದರೆ ಚಾರಿಟಿ ಕಮಿಷನರ್ ಕಚೇರಿಗೆ ತಿಳಿಸಿ ಲೆಕ್ಕ ಇಡಬೇಕು. ಎಲ್ಲರೂ ಪಾಲಿಸುತ್ತಾರೆಂದಲ್ಲ, ಆದರೆ ಲೆಕ್ಕ ಕೇಳುವವನಿಗೆ ಒಂದು ಆಧಾರವಿದೆ.

ನಮ್ಮಲ್ಲೂ ಆಧಾರ ಇಲ್ಲದಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಶಾಲೆಗೆ ಎಸ್‌ಡಿಎಂಸಿ ಇದೆ. ಅದರಲ್ಲಿ ಪೋಷಕರದೇ ಬಹುಮತ. ಜಾತ್ರೆಯ ಉಳಿತಾಯದಲ್ಲಿ ಏನು ಕಟ್ಟಬೇಕೆಂಬುದು ಅಲ್ಲಿ ಠರಾವಾಗಲಿ. ಪಂಚಾಯಿತಿಯ ಪಾಲೆಷ್ಟು ಎಂಬುದೂ ಅದೇ ಸಭೆಯಲ್ಲಿ ಇತ್ಯರ್ಥವಾಗಲಿ. ಸಂಗ್ರಹದ ಒಂದು ಭಾಗ ನಿರ್ವಹಣೆಗೆಂದೇ ಬ್ಯಾಂಕಿನಲ್ಲಿ ಠೇವಣಿಯಾಗಲಿ. ಜಮಾ-ಖರ್ಚನ್ನು ಪಂಚಾಯಿತಿ ಕಟ್ಟೆಯ ಗೋಡೆಗೆ ಅಂಟಿಸಲಿ.

ಇದನ್ನು ಕೇಳಬೇಕಾದವರು ಹೊರಗಿರುವ ನಾವೇ. ಊರಲ್ಲಿದ್ದವರು ಲೆಕ್ಕ ಕೇಳಿದರೆ ‘ದೇವರ ಕೆಲಸಕ್ಕೆ ಅಡ್ಡಗಾಲು’ ಎನ್ನಿಸಿಕೊಳ್ಳಬೇಕು. ನಾಳೆ ಬೆಳಗ್ಗೆ ಅದೇ ಜನರ ಮುಖ ನೋಡಬೇಕು. ನಮಗೆ ಆ ಹಂಗು ಕಡಿಮೆ. ಮುಂದಿನ ಸಲ ಪಟ್ಟಿ ಬಂದಾಗ ಹಣವನ್ನು ಖಂಡಿತ ಕಳಿಸೋಣ. ಅದರ ಜೊತೆ ‘ಠರಾವಿನ ಪ್ರತಿಯನ್ನೂ ಗ್ರೂಪಿಗೆ ಹಾಕಿರಿ’ ಎಂದು ಒಂದು ಸಾಲು ಸೇರಿಸೋಣ.