ಸಂಜೆಗೆ ಇಳಿಯುವ ರೆಪ್ಪೆ, ಏಕಾಏಕಿ ಬದಲಾಗುವ ಮಾತು: ಆ್ಯಂಟಿಬಾಡಿಗಳೇ ತಿರುಗಿಬಿದ್ದಾಗ ತಡವೇ ದೊಡ್ಡ ಅಪಾಯ

ಮುಂಬೈ: 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅಕ್ಟೋಬರ್ 6ರಂದು ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಜಪಾನ್‌ನ ಶಿಮೊನ್ ಸಕಾಗುಚಿ ಅವರಿಗೆ ಘೋಷಣೆಯಾಯಿತು. ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ಎರಗದಂತೆ ತಡೆಯುವ ‘ಬ್ರೇಕ್’ ಯಾವುದು ಎಂಬುದನ್ನು ಈ ಮೂವರು ತೋರಿಸಿಕೊಟ್ಟಿದ್ದಾರೆ. ಆ ಬ್ರೇಕ್ ಕೈಕೊಟ್ಟರೆ ಏನಾಗುತ್ತದೆ ಎಂಬುದು ಪ್ರಯೋಗಾಲಯಕ್ಕೆ ಸೀಮಿತವಾದ ಪ್ರಶ್ನೆಯಲ್ಲ. ಮುಂಬೈನ ಸಾಂತಾಕ್ರೂಜ್‌ನಂಥ ಉಪನಗರದಲ್ಲಿ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರಿಗೂ ಇದು ಸಂಬಂಧಿಸಿದ್ದು.

ಸಾಂತಾಕ್ರೂಜ್ ಪೂರ್ವದಲ್ಲಿ ವಾಕೋಲಾ, ಕಲಿನಾ ಭಾಗದ ಜನ ಮೊದಲು ಹೋಗುವುದು ಗಲ್ಲಿಯ ಕ್ಲಿನಿಕ್‌ಗೆ, ಇಲ್ಲವೇ ಮಹಾನಗರ ಪಾಲಿಕೆಯ ವಿ.ಎನ್. ದೇಸಾಯಿ ಆಸ್ಪತ್ರೆಗೆ. ಊರಿನಿಂದ ಬಂದು ಹೋಟೆಲ್, ಕಚೇರಿಗಳಲ್ಲಿ ದುಡಿಯುವ ಕನ್ನಡಿಗರು, ತುಳುವರೂ ಇಲ್ಲಿ ಸಾಕಷ್ಟಿದ್ದಾರೆ. ದಿನವಿಡೀ ನಿಂತೇ ಕೆಲಸ ಮಾಡಿದವರ ರೆಪ್ಪೆ ಸಂಜೆ ಹೊತ್ತಿಗೆ ಇಳಿದರೆ, ಲೋಕಲ್ ರೈಲಿನಲ್ಲಿ ಹಿಡಿಕೆ ಹಿಡಿದ ಕೈ ಸೋತರೆ ‘ಸುಸ್ತು’ ಎಂದು ಸುಮ್ಮನಾಗುವುದೇ ಹೆಚ್ಚು. ಬಹುತೇಕರ ವಿಷಯದಲ್ಲಿ ಅದು ಸುಸ್ತೇ. ಆದರೆ ಕೆಲವರಲ್ಲಿ ಅದು ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯ ಮೊದಲ ಸುಳಿವು.

ಏನಿದು ರಿಸೆಪ್ಟರ್, ಏನಿದು ಸ್ವಪ್ರತಿಕಾಯ?

ದೇಹದ ಪ್ರತಿ ಜೀವಕೋಶದ ಮೇಲ್ಮೈಯಲ್ಲಿ ಸಂದೇಶ ಸ್ವೀಕರಿಸುವ ಪ್ರೋಟೀನುಗಳಿವೆ. ಇವೇ ರಿಸೆಪ್ಟರ್‌ಗಳು. ನರ ಅಥವಾ ಗ್ರಂಥಿ ಕಳಿಸಿದ ರಾಸಾಯನಿಕ ಇಲ್ಲಿಗೆ ಬಂದು ಕೂತಾಗಲೇ ಸ್ನಾಯು ಕುಗ್ಗುತ್ತದೆ, ಥೈರಾಯ್ಡ್ ಕೆಲಸ ಮಾಡುತ್ತದೆ, ಮಿದುಳಿನಲ್ಲಿ ನೆನಪು ಮೂಡುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಆ್ಯಂಟಿಬಾಡಿಗಳ ಕೆಲಸ ಹೊರಗಿನ ವೈರಸ್, ಬ್ಯಾಕ್ಟೀರಿಯಾಗಳನ್ನು ಹಿಡಿಯುವುದು. ಅವು ಗುರಿ ತಪ್ಪಿ ದೇಹದ್ದೇ ಭಾಗಕ್ಕೆ ಅಂಟಿಕೊಂಡರೆ ಅವನ್ನು ಸ್ವಪ್ರತಿಕಾಯ ಎನ್ನುತ್ತಾರೆ.

ಅವು ಯಾವ ರಿಸೆಪ್ಟರ್‌ಗೆ ಅಂಟುತ್ತವೆ ಮತ್ತು ಅಂಟಿದ ಮೇಲೆ ಏನು ಮಾಡುತ್ತವೆ ಎಂಬುದರ ಮೇಲೆ ಕಾಯಿಲೆಯ ಸ್ವರೂಪ ನಿಂತಿದೆ. ಮೂರು ಉದಾಹರಣೆ ನೋಡಿದರೆ ಇದು ಸ್ಪಷ್ಟವಾಗುತ್ತದೆ.

1. ದಾರಿ ಮುಚ್ಚುವ ಆ್ಯಂಟಿಬಾಡಿ

ನಾಗರಹಾವು ಕಚ್ಚಿದವರ ರೆಪ್ಪೆ ಇಳಿಬೀಳುವುದು, ನುಂಗಲು, ಉಸಿರಾಡಲು ಕಷ್ಟವಾಗುವುದು ಹಳ್ಳಿಗಳಲ್ಲಿ ಗೊತ್ತಿರುವ ಸಂಗತಿ. ನರ ಕಳಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸ್ನಾಯು ಸ್ವೀಕರಿಸುವ ರಿಸೆಪ್ಟರ್‌ಗೆ ಹಾವಿನ ವಿಷ ಅಡ್ಡಗಟ್ಟುತ್ತದೆ. ಮಯಸ್ತೇನಿಯಾದಲ್ಲಿ ದಾಳಿಯಾಗುವುದು ಇದೇ ರಿಸೆಪ್ಟರ್ ಮೇಲೆ. ಆದರೆ ದಾಳಿ ಮಾಡುವುದು ರೋಗಿಯದ್ದೇ ಆ್ಯಂಟಿಬಾಡಿ. ಅದು ರಿಸೆಪ್ಟರನ್ನು ಮುಚ್ಚುವುದಷ್ಟೇ ಅಲ್ಲ, ಕ್ರಮೇಣ ಅವುಗಳ ಸಂಖ್ಯೆಯನ್ನೂ ಕಡಿಮೆ ಮಾಡುತ್ತದೆ. ಹೀಗಾಗಿ ಸ್ನಾಯು ಬಳಸಿದಷ್ಟೂ ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಸ್ವಲ್ಪ ಚೇತರಿಸುತ್ತದೆ.

1973ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಜಿಮ್ ಪ್ಯಾಟ್ರಿಕ್ ಮತ್ತು ಜಾನ್ ಲಿಂಡ್‌ಸ್ಟ್ರಾಮ್ ವಿದ್ಯುತ್ ಮೀನಿನಿಂದ ತೆಗೆದ ಈ ರಿಸೆಪ್ಟರನ್ನು ಮೊಲಗಳಿಗೆ ಚುಚ್ಚಿದ್ದರು. ಮೊಲಗಳ ದೇಹ ಅದರ ವಿರುದ್ಧ ಆ್ಯಂಟಿಬಾಡಿ ತಯಾರಿಸಿತು. ಬಳಿಕ ಆ ಮೊಲಗಳೇ ಮಯಸ್ತೇನಿಯಾ ರೋಗಿಗಳಂತೆ ನಿತ್ರಾಣಗೊಂಡವು. ಸ್ವಪ್ರತಿಕಾಯವೇ ಕಾಯಿಲೆಗೆ ಕಾರಣವಾಗಬಲ್ಲದು ಎಂಬುದಕ್ಕೆ ಸಿಕ್ಕ ಬಲವಾದ ಪುರಾವೆಗಳಲ್ಲಿ ಇದೂ ಒಂದು.

ಸಾಂತಾಕ್ರೂಜ್‌ಗೆ ಹೊಂದಿಕೊಂಡ ಜುಹು ನಿವಾಸಿ, ನಟ ಅಮಿತಾಭ್ ಬಚ್ಚನ್ ಅವರಿಗೂ ಈ ಕಾಯಿಲೆ ಕಾಡಿತ್ತು. 1982ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರೀಕರಣದ ವೇಳೆ ಗಂಭೀರವಾಗಿ ಗಾಯಗೊಂಡ ಅವರಿಗೆ ಮುಂದಿನ ಕೆಲ ವರ್ಷಗಳಲ್ಲೇ ಮಯಸ್ತೇನಿಯಾ ಇರುವುದು ಪತ್ತೆಯಾಯಿತು. ಒಂದರ ಹಿಂದೆ ಇನ್ನೊಂದು ಬಂತೆಂದ ಮಾತ್ರಕ್ಕೆ ಗಾಯವೇ ಕಾರಣ ಎನ್ನಲಾಗದು. ಚಿಕಿತ್ಸೆ ಪಡೆದು ಅವರು ಮತ್ತೆ ಕ್ಯಾಮೆರಾ ಮುಂದೆ ನಿಂತಿದ್ದು ಎಲ್ಲರಿಗೂ ಗೊತ್ತು.

2. ಗುಂಡಿ ಒತ್ತುತ್ತಲೇ ಇರುವ ಆ್ಯಂಟಿಬಾಡಿ

ಗ್ರೇವ್ಸ್ ಕಾಯಿಲೆಯಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಥೈರಾಯ್ಡ್ ಗ್ರಂಥಿಗೆ ‘ಹಾರ್ಮೋನ್ ತಯಾರಿಸು’ ಎಂದು ಹೇಳುವುದು ಟಿಎಸ್‌ಎಚ್. ಅದನ್ನು ಸ್ವೀಕರಿಸುವ ರಿಸೆಪ್ಟರ್ ಮೇಲೆ ಆ್ಯಂಟಿಬಾಡಿ ಕೂತು, ಸ್ವತಃ ಟಿಎಸ್‌ಎಚ್‌ನಂತೆಯೇ ನಟಿಸುತ್ತದೆ. ಗ್ರಂಥಿ ಬಿಡುವಿಲ್ಲದೆ ದುಡಿಯುತ್ತದೆ. ಎದೆಬಡಿತ ಜೋರಾಗುವುದು, ಕೈ ನಡುಗುವುದು, ಚೆನ್ನಾಗಿ ಉಂಡರೂ ತೂಕ ಇಳಿಯುವುದು, ಸೆಕೆ ತಡೆಯಲಾಗದಿರುವುದು, ಕೆಲವರಲ್ಲಿ ಕಣ್ಣುಗುಡ್ಡೆ ಮುಂದೆ ಬರುವುದು ಇದರ ಲಕ್ಷಣಗಳು. ಮಹಿಳೆಯರಲ್ಲಿ ಇದು ಹೆಚ್ಚು. ಮುಂಬೈ ಸೆಕೆಯಲ್ಲಿ ಬೆವರುವುದು, ‘ಟೆನ್ಷನ್’ನಿಂದ ಎದೆ ಬಡಿದುಕೊಳ್ಳುವುದು ಮಾಮೂಲಿ ಎಂದು ತಳ್ಳಿಹಾಕುವ ಸಾಧ್ಯತೆ ಇರುವುದರಿಂದ ಇಲ್ಲೂ ಪತ್ತೆ ತಡವಾಗಬಹುದು.

ತಾಯಿಯ ಈ ಆ್ಯಂಟಿಬಾಡಿಗಳು ಜರಾಯುವಿನ ಮೂಲಕ ಮಗುವಿಗೂ ದಾಟುತ್ತವೆ. ಹೀಗಾಗಿ ನವಜಾತ ಶಿಶುವಿನಲ್ಲಿ ಕೆಲಕಾಲ ಗ್ರೇವ್ಸ್ ಅಥವಾ ಮಯಸ್ತೇನಿಯಾ ಲಕ್ಷಣ ಕಾಣಿಸಿ, ತಾಯಿಯಿಂದ ಬಂದ ಆ್ಯಂಟಿಬಾಡಿ ಕರಗುತ್ತಿದ್ದಂತೆ ಮಾಯವಾಗುವುದೂ ಉಂಟು.

3. ರಿಸೆಪ್ಟರನ್ನೇ ಒಳಗೆಳೆಸುವ ಆ್ಯಂಟಿಬಾಡಿ

ಮೂರನೆಯದು ಮಿದುಳಿನದ್ದು. ನರವಿಜ್ಞಾನಿ ಜೋಸೆಫ್ ಡಾಲ್ಮೌ ಮತ್ತು ಸಹೋದ್ಯೋಗಿಗಳು 2007ರಲ್ಲಿ ವಿವರಿಸಿದ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್‌ನಲ್ಲಿ, ಆ್ಯಂಟಿಬಾಡಿ ಅಂಟಿದ ರಿಸೆಪ್ಟರ್‌ಗಳು ನರಕೋಶದ ಮೇಲ್ಮೈಯಿಂದ ಒಳಗೆ ಸರಿದುಬಿಡುತ್ತವೆ. ಆರೋಗ್ಯವಾಗಿದ್ದ ಯುವತಿ ಕೆಲವೇ ದಿನಗಳಲ್ಲಿ ನಿದ್ದೆ ಬಿಟ್ಟು, ಸಂಬಂಧವಿಲ್ಲದ ಮಾತಾಡಿ, ಯಾರೋ ಹಿಂಬಾಲಿಸುತ್ತಿದ್ದಾರೆ ಎಂದು ಹೆದರಬಹುದು. ನಂತರ ಫಿಟ್ಸ್, ಬಾಯಿಯ ವಿಚಿತ್ರ ಚಲನೆ, ಮಾತು ನಿಲ್ಲುವುದು ಶುರುವಾಗುತ್ತದೆ. ಕೆಲ ಮಹಿಳೆಯರಲ್ಲಿ ಅಂಡಾಶಯದ ಗಡ್ಡೆಯೊಂದು ಇದಕ್ಕೆಲ್ಲ ಮೂಲವಾಗಿರುತ್ತದೆ.

2009ರಲ್ಲಿ ನ್ಯೂಯಾರ್ಕ್‌ನ ಪತ್ರಕರ್ತೆ ಸುಸಾನಾ ಕಹಲನ್ ಅವರಿಗೆ ಬಂದದ್ದು ಇದೇ. ಗಡಿಯಾರ ಬರೆಯಿರಿ ಎಂದು ವೈದ್ಯರು ಹೇಳಿದಾಗ ಅವರು ಎಲ್ಲ ಅಂಕಿಗಳನ್ನೂ ಒಂದೇ ಬದಿಗೆ ತುಂಬಿದ್ದರು. ತೊಂದರೆ ಇರುವುದು ಮಿದುಳಿನಲ್ಲಿ ಎಂಬ ಸುಳಿವು ಸಿಕ್ಕಿದ್ದು ಆಗ. ನಮ್ಮಲ್ಲಿ ಇಂಥ ಲಕ್ಷಣ ಕಂಡರೆ ‘ಗಾಳಿ ಸೋಕಿದೆ’ ಎಂದು ಮಂತ್ರವಾದಿ ಬಳಿಗೋ, ಹೆಚ್ಚೆಂದರೆ ನೇರ ಮನೋವೈದ್ಯರ ಬಳಿಗೋ ಕರೆದೊಯ್ಯುವವರಿದ್ದಾರೆ. ನರವಿಜ್ಞಾನ ಮತ್ತು ಮನೋವೈದ್ಯಕೀಯ ಎರಡೂ ಒಂದೇ ಸೂರಿನಡಿ ಇರುವ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯ ಮಹತ್ವ ಇಲ್ಲಿ ತಿಳಿಯುತ್ತದೆ. ಅಲ್ಲಿನ ವೈದ್ಯರು ಇಂಥ ರೋಗಿಗಳ ಬಗ್ಗೆ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ.

ಪುಣೆ ಕಲಿಸಿದ ಪಾಠ

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ ಭಾಗದಲ್ಲಿ ಗೀಯನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್ ಪ್ರಕರಣಗಳು ಒಮ್ಮೆಲೇ ಏರಿದವು. ಶಂಕಿತರ ಸಂಖ್ಯೆ 200 ದಾಟಿತು. ಫೆಬ್ರವರಿಯಲ್ಲಿ ಮುಂಬೈನಲ್ಲೂ ಸಾವು ವರದಿಯಾಯಿತು. ಕಲುಷಿತ ನೀರು, ಆಹಾರದಿಂದ ಹರಡುವ ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾ ಕೆಲ ಮಾದರಿಗಳಲ್ಲಿ ಪತ್ತೆಯಾಗಿತ್ತು. ಈ ಬ್ಯಾಕ್ಟೀರಿಯಾದ ಹೊರಕವಚ ನರಗಳ ಮೇಲ್ಮೈಯಲ್ಲಿರುವ ಗ್ಯಾಂಗ್ಲಿಯೊಸೈಡ್ ಎಂಬ ಅಣುವನ್ನು ಹೋಲುತ್ತದೆ. ಬ್ಯಾಕ್ಟೀರಿಯಾಕ್ಕೆಂದು ತಯಾರಾದ ಆ್ಯಂಟಿಬಾಡಿ ಹೋಲಿಕೆಯಿಂದ ಮೋಸಹೋಗಿ ನರಕ್ಕೂ ಅಂಟುತ್ತದೆ. ಗ್ಯಾಂಗ್ಲಿಯೊಸೈಡ್ ರಿಸೆಪ್ಟರ್ ವರ್ಗಕ್ಕೆ ಸೇರದಿದ್ದರೂ ದಾಳಿಯ ರೀತಿ ಒಂದೇ.

ಪ್ರಕರಣಗಳು ಹೀಗೆ ಗುಂಪಾಗಿ ಬಂದಾಗ ವೈದ್ಯರು ಆ ಹೆಸರನ್ನು ಬೇಗ ನೆನಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಸುದ್ದಿಯಾದರೆ ಕಾಲು ಜೋಮು ಹಿಡಿದವರೂ ಆಸ್ಪತ್ರೆಗೆ ಓಡಬಹುದು. ಗುಂಪಾಗಿ ಬರದ, ಒಬ್ಬೊಬ್ಬರಿಗೇ ಬರುವ ಮಯಸ್ತೇನಿಯಾ, ಎನ್‌ಎಂಡಿಎ ಕಾಯಿಲೆಗಳಿಗೆ ಆ ಅನುಕೂಲ ಇಲ್ಲ.

ಶಂಕೆಗೆ ಬೇಕಿರುವುದು ಐಸ್ ತುಂಡು

ಈ ಕಾಯಿಲೆಗಳಲ್ಲಿ ಸಮಾಧಾನ ತರುವ ಸಂಗತಿಯೊಂದಿದೆ. ಆ್ಯಂಟಿಬಾಡಿ ಬಹುತೇಕ ಸಂದರ್ಭದಲ್ಲಿ ಕೋಶವನ್ನೇ ಕೊಲ್ಲುವುದಿಲ್ಲ. ಆ್ಯಂಟಿಬಾಡಿ ತಗ್ಗಿದರೆ ರಿಸೆಪ್ಟರ್ ಮರಳಿ ಬರುತ್ತದೆ. 577 ಎನ್‌ಎಂಡಿಎ ರೋಗಿಗಳನ್ನು ಗಮನಿಸಿದ 2013ರ ಅಂತಾರಾಷ್ಟ್ರೀಯ ಅಧ್ಯಯನದಲ್ಲಿ ಬೇಗ ಚಿಕಿತ್ಸೆ ಸಿಕ್ಕವರ ಚೇತರಿಕೆಯೇ ಉತ್ತಮವಾಗಿತ್ತು.

ಶಂಕಿಸಲು ದುಬಾರಿ ಯಂತ್ರವೂ ಬೇಡ. ಇಳಿದ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಇಟ್ಟಾಗ ರೆಪ್ಪೆ ಮೇಲೇರಿದರೆ ಮಯಸ್ತೇನಿಯಾ ಶಂಕೆ ಬಲವಾಗುತ್ತದೆ. ಒಂದೇ ಉಸಿರಿನಲ್ಲಿ 20ರವರೆಗೂ ಎಣಿಸಲಾಗದಿದ್ದರೆ ಉಸಿರಾಟದ ಸ್ನಾಯು ಸೋಲುತ್ತಿರಬಹುದು, ಅದು ತುರ್ತು ಸ್ಥಿತಿ. ರಕ್ತ ಪರೀಕ್ಷೆ ನಂತರದ ಹೆಜ್ಜೆ. ದೇಹವ್ಯಾಪಿ ಮಯಸ್ತೇನಿಯಾ ಇರುವ 100ರಲ್ಲಿ ಸುಮಾರು 85 ಮಂದಿಯಲ್ಲಿ ಅಸಿಟೈಲ್‌ಕೋಲಿನ್ ರಿಸೆಪ್ಟರ್ ಆ್ಯಂಟಿಬಾಡಿ ಸಿಗುತ್ತದೆ. ಕಣ್ಣಿಗೆ ಮಾತ್ರ ಸೀಮಿತವಾದರೆ ಸಿಗುವುದು ಅರ್ಧದಷ್ಟು ಜನರಲ್ಲಿ. ಹಾಗಾಗಿ ವರದಿ ‘ನೆಗೆಟಿವ್’ ಬಂದಾಕ್ಷಣ ಕಾಯಿಲೆ ಇಲ್ಲ ಎಂದರ್ಥವಲ್ಲ.

ಔಷಧದ ಅಂಗಡಿಯಲ್ಲೂ ಒಂದು ಅಪಾಯ ಅಡಗಿದೆ. ಜ್ವರ, ಭೇದಿ ಎಂದು ಚೀಟಿ ಇಲ್ಲದೆ ಕೊಳ್ಳುವ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಅಜಿಥ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್‌ಗಳು ಮಯಸ್ತೇನಿಯಾವನ್ನು ಉಲ್ಬಣಿಸಬಲ್ಲವು. ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳ ಮೇಲೆ ಈ ಬಗ್ಗೆ ಎಚ್ಚರಿಕೆ ಮುದ್ರಿಸುವಂತೆ ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಸೂಚಿಸಿದ್ದರು.

ಆಗಬೇಕಿರುವುದೇನು?

ಚಿಕಿತ್ಸೆಯ ಒಂದು ತುದಿಯಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಪಿರಿಡೊಸ್ಟಿಗ್ಮಿನ್, ಸ್ಟೀರಾಯ್ಡ್ ಮಾತ್ರೆಗಳಿವೆ. ಇನ್ನೊಂದು ತುದಿಯಲ್ಲಿ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತಯಾರಾಗುವ ಇಮ್ಯುನೊಗ್ಲೋಬುಲಿನ್, ಪ್ಲಾಸ್ಮಾ ಬದಲಾವಣೆ ಮತ್ತು 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಫ್ಗಾರ್ಟಿಜಿಮಾಡ್‌ನಂಥ ಹೊಸ ಔಷಧಗಳಿವೆ. ಕಾಯಿಲೆ ಮೊದಲ ಹಂತದಲ್ಲೇ ಸಿಕ್ಕರೆ ಹಲವರಿಗೆ ಮೊದಲ ತುದಿಯೇ ಸಾಕಾಗಬಹುದು. ಉಸಿರು ಸಿಕ್ಕಿಹಾಕಿಕೊಂಡ ಮೇಲೆ ಬಂದರೆ ಐಸಿಯು, ವೆಂಟಿಲೇಟರ್ ಖರ್ಚು ಕುಟುಂಬವನ್ನೇ ಅಲುಗಾಡಿಸುತ್ತದೆ.

ಪರಿಣತ ನರತಜ್ಞರಿರುವ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳು ಮುಂಬೈನಲ್ಲೇ ಇವೆ. ಆದರೆ ಅಲ್ಲಿಗೆ ಕಳಿಸಬೇಕೆಂಬ ತೀರ್ಮಾನ ಆಗಬೇಕಿರುವುದು ಉಪನಗರದ ಹೊರರೋಗಿ ವಿಭಾಗದಲ್ಲಿ, ಗಲ್ಲಿಯ ಕ್ಲಿನಿಕ್‌ನಲ್ಲಿ. ಆ ಮೊದಲ ವೈದ್ಯರಿಗೆ ತರಬೇತಿ, ಆ್ಯಂಟಿಬಾಡಿ ಪರೀಕ್ಷೆಗೆ ಸರ್ಕಾರಿ ನೆರವು, ಚೀಟಿ ಇಲ್ಲದ ಆ್ಯಂಟಿಬಯಾಟಿಕ್ ಮಾರಾಟಕ್ಕೆ ಕಡಿವಾಣ: ಈ ಮೂರಕ್ಕೂ ಹೊಸ ಸಂಶೋಧನೆ ಬೇಕಿಲ್ಲ, ಆಡಳಿತದ ಮನಸ್ಸು ಸಾಕು. ಕುಟುಂಬದವರ ಪಾಲಿನ ಕೆಲಸವೂ ಒಂದಿದೆ. ಬೆಳಗ್ಗೆ ಸರಿಯಿದ್ದು ಸಂಜೆಗೆ ಸೋಲುವ ಕಣ್ಣು, ಕೈ, ಧ್ವನಿಯನ್ನು ಸೋಮಾರಿತನ ಎನ್ನದೆ, ಮೊಬೈಲ್‌ನಲ್ಲಿ ಎರಡೂ ಹೊತ್ತಿನ ಫೋಟೊ ತೆಗೆದು ವೈದ್ಯರಿಗೆ ತೋರಿಸುವುದು.