ರುಚಿ ಬಲ್ಲದ್ದು ಮೂಗು

ಹಾಲು, ಸಕ್ಕರೆ ಬೆರೆಸದ ಅರೇಬಿಕಾ ಕಾಫಿಯನ್ನೂ ರೊಬಸ್ಟಾವನ್ನೂ ಕುಡಿದು ನೋಡುವ ಹೊಸಬರಿಗೆ ಮೊದಲು ತಿಳಿಯುವುದು ಕಹಿಯೊಂದೇ. ನಾಲಗೆ ಬಲ್ಲ ಮೂಲರುಚಿಗಳೇ ಕೆಲವು: ಸಿಹಿ, ಹುಳಿ, ಉಪ್ಪು, ಕಹಿ ಮತ್ತು 1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ ಗುರುತಿಸಿದ ಉಮಾಮಿ. ಉಳಿದ ಸ್ವಾದದ ಬಹುಪಾಲು, ಬಾಯಿಯ ಹಿಂಬದಿಯಿಂದ ಮೂಗಿಗೇರುವ ಪರಿಮಳ. ಕಾಫಿ ರುಚಿ ಪರೀಕ್ಷಕರು ಚಮಚದಿಂದ ಸೊರ್ರೆಂದು ಹೀರುವುದು ಅದಕ್ಕಾಗಿಯೇ.

ಮೂಗು ಹಿಡಿದು ಜೀರಿಗೆ ಅಗಿಯಿರಿ. ಬೆರಳು ತೆಗೆದೊಡನೆ ಅದರ ಸ್ವಾದ ತಟ್ಟನೆ ತಿಳಿಯುತ್ತದೆ. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಏಲಕ್ಕಿ, ಲವಂಗ, ಸೋಂಪು ಮೂಸಲು ಕೊಟ್ಟು ಹೆಸರು ಹೇಳಿಸಿ. ಎರಡೆರಡನ್ನು ಹೋಲಿಸಿ, ಹೆಸರಿನೊಡನೆ ನೆನಪಿಟ್ಟಂತೆ ಮಿದುಳು ಪಳಗುತ್ತದೆ. ತಂಬಾಕು ಸೇದಿದರೆ ಈ ಶಕ್ತಿಯೇ ಮಂಕಾಗುತ್ತದೆ. ಸೇದುವುದನ್ನು ಬಿಟ್ಟವರಲ್ಲಿ ಅದು ಕ್ರಮೇಣ ಚೇತರಿಸಿಕೊಳ್ಳುವುದೂ ಉಂಟು. ಮನೆಯ ಹಿರಿಯರು ಇದನ್ನು ಗಮನಿಸಬೇಕು.